ಕಾಜಾದಕ್ಕನ ಅನುಮಾನ

ಅಂಗಿಗಳಿಗೆ ಕಾಜಾ ಹೊಲಿದು ಗುಂಡಿ ಹಚ್ಚುವುದು ಅವಳ ಕೆಲಸ. ಬೀದಿಗೆಲ್ಲ ಅವಳು ಕಾಜಾದಕ್ಕ. ಗಂಡ ಲಾರಿ ಡ್ರೈವರ್. ಮೊದಲ ಮಗು ಹುಟ್ಟುತ್ತಲೇ ತೀರಿಕೊಂಡಾಗ ನೆರೆಹೊರೆಯೆಲ್ಲ ಅತ್ತಿತ್ತು. ಎರಡನೆಯದೂ ಜ್ವರದಲ್ಲಿ ಹೋದಾಗ ಅಳುವವರು ಕಡಿಮೆಯಾಗಿ ಪಿಸುಗುಟ್ಟುವವರು ಹೆಚ್ಚಾದರು.

"ಅಲ್ಲಾಹ್ ಅನ್ಯಾಯ ಮಾಡೋನಲ್ಲ ಕಣೇ," ಎಂದಳು ಸಮಾಧಾನ ಹೇಳಲು ಬಂದ ಎದುರುಮನೆಯವಳು. "ಎಲ್ಲೋ ಏನೋ ಆಗಿರಬೇಕು. ಬೆಂಕಿ ಇಲ್ಲದೆ ಹೊಗೆ ಆಡುತ್ತಾ?"

ಆ ಮಾತು ಮುಳ್ಳಿನಂತೆ ನಾಟಿತು. ದೇವರು ನ್ಯಾಯವಂತನೆಂದರೆ ತಪ್ಪು ಯಾರದೋ ಇರಲೇಬೇಕು. ತನ್ನ ಬದುಕನ್ನೆಲ್ಲ ಜಾಲಾಡಿದಳು. ತಪ್ಪಿಸಿದ ನಮಾಜುಗಳು, ಅತ್ತೆಗೆ ಹೇಳಿದ ಸಣ್ಣಪುಟ್ಟ ಸುಳ್ಳುಗಳು ಸಿಕ್ಕವು. ಇಷ್ಟಕ್ಕೆ ಎರಡು ಜೀವವೇ? ಹಾಗಾದರೆ ತಪ್ಪು ಗಂಡನದು.

ಅಂದಿನಿಂದ ಅವನ ಮೇಲೆ ಕಣ್ಣಿಟ್ಟಳು. ಅವನು ನಮಾಜಿನ ಸಜ್ದಾದಲ್ಲಿ ನೆಲಕ್ಕೆ ಹಣೆ ಊರಿದರೆ ಬೇಗ ಏಳುತ್ತಿರಲಿಲ್ಲ. ಇಷ್ಟು ಹೊತ್ತು ಏನು ಬೇಡಿಕೊಳ್ಳುತ್ತಾನೆ? ಊಟಕ್ಕೆ ಕೂತವನು ತುತ್ತು ಕೈಯಲ್ಲೇ ಹಿಡಿದು ಗೋಡೆ ನೋಡುತ್ತಿದ್ದ. ಒಂದು ಮಧ್ಯಾಹ್ನ ಬಟ್ಟೆ ಒಣಹಾಕಲು ಹೋದಾಗ ಮನೆ ಮುಂದೆ ನಿಂತಿದ್ದ ಲಾರಿಯ ಬಂಪರಿನಲ್ಲಿ ತುಕ್ಕು ಹಿಡಿದ ಹಳೆಯ ನಗ್ಗು ಕಂಡಿತು. ಬಚ್ಚಲಲ್ಲಿ ಕೈಕಾಲು ತೊಳೆಯುತ್ತಿದ್ದ ಗಂಡನೆದುರು ಹೋಗಿ ನಿಂತಳು.

"ರೀ, ಯಾರನ್ನಾದ್ರೂ ಗುದ್ದಿ, ಹಾಗೇ ಬಿಟ್ಟು ಬಂದ್ರಾ?"

"ಗೋದಾಮಿನ ಗೋಡೆಗೆ ತಾಗಿದ್ದು."

"ಸುಳ್ಳು! ಅದಕ್ಕೇ ನನ್ನ ಮಕ್ಕಳು ಹೋದ್ರು."

ಅವನು ಜಗಳಕ್ಕೆ ಬರಲಿಲ್ಲ. ಬಚ್ಚಲ ಕಟ್ಟೆಯ ಮೇಲೆ ಕುಸಿದು ಕೂತ. "ನಾನು ನಿನ್ನ ಮೇಲೆ ಅನುಮಾನಪಡ್ತಿದ್ದೆ," ಎಂದ. "ಮಕ್ಕಳಿಲ್ಲ ಅಂತ ನನ್ನಕ್ಕನ್ನ ನೀನು ಆಡಿಕೊಂಡಿದ್ದೆಯಲ್ಲ, ಅವಳ ಕಣ್ಣೀರು ತಟ್ಟಿತು ಅಂತ."

ಒಂದೇ ಚಾಪೆಯ ಮೇಲೆ ಮಲಗಿ ಇಷ್ಟು ದಿನ ಇಬ್ಬರೂ ಒಬ್ಬರನ್ನೊಬ್ಬರು ಕಳ್ಳರನ್ನು ಕಾದಂತೆ ಕಾಯುತ್ತಿದ್ದರು!

ಮರುದಿನ ಅವಳು ಓಣಿಯ ಹೆಣ್ಣುಮಕ್ಕಳಿಗೆ ಕುರ್‌ಆನ್ ಓದಿಸುವ ಅಜ್ಜಿಯ ಮನೆಗೆ ಹೋಗಿ ಎಲ್ಲವನ್ನೂ ಹೇಳಿಕೊಂಡಳು. ಅಜ್ಜಿ ಕನ್ನಡಕ ತೆಗೆದಿಟ್ಟಳು.

"ನಮ್ಮ ಪ್ರವಾದಿಗಳು ಎಷ್ಟು ಮಕ್ಕಳನ್ನ ಮಣ್ಣು ಮಾಡಿದ್ರು ಗೊತ್ತಾ ಮಗಳೇ? ಗಂಡುಮಕ್ಕಳು ಒಬ್ಬರೂ ಉಳೀಲಿಲ್ಲ. ಉಸಿರು ಹೋಗ್ತಿದ್ದ ಪುಟ್ಟ ಮಗನ್ನ ಎತ್ತಿಕೊಂಡು ಅತ್ತರು. ಅವರ ಮೇಲೂ ಅನುಮಾನಪಡ್ತೀಯಾ?"

"ತೋಬಾ, ತೋಬಾ! ಅಂಥ ಮಾತು ಬೇಡಜ್ಜಿ!"

"ಒಬ್ಬರ ಪಾಪದ ಹೊರೆ ಇನ್ನೊಬ್ಬರ ತಲೆ ಮೇಲೆ ಹಾಕೋನಲ್ಲ ಅಲ್ಲಾಹ್. ಹಸುಗೂಸಿನ ತಲೆ ಮೇಲೆ ಹಾಕ್ತಾನಾ?"

"ಮತ್ತೆ ಯಾಕಜ್ಜಿ ಕೊಟ್ಟು ಕಿತ್ಕೊಂಡ?"

"ನಂಗೊತ್ತಿಲ್ಲ. ಪರೀಕ್ಷೆ ಅಂತಾರೆ. ಗೊತ್ತು ಅನ್ನೋರ ಹತ್ತಿರ ಮಾತ್ರ ಹೋಗಬೇಡ."

ಅಜ್ಜಿಯ ಮಾತಿನಲ್ಲಿ ಆ "ಗೊತ್ತಿಲ್ಲ" ಒಂದನ್ನೇ ಅವಳು ಪೂರ್ತಿ ನಂಬಿದ್ದು. ಹೆಂಗಸರು ಮಣ್ಣಿಗೆ ಹೋಗದ್ದರಿಂದ ತಾನು ಕಂಡಿರದ ಮಕ್ಕಳ ಗೋರಿಗಳ ಬಗ್ಗೆ ಮನೆಗೆ ಬಂದು ಗಂಡನನ್ನು ಕೇಳಿದಳು. ಯಾವ ಮರದ ಕೆಳಗೆ, ಯಾವ ಕಡೆ ತಲೆ ಎಂದು ಅವನು ನೆಲದ ಮೇಲೆ ಬೆರಳಿಂದ ಗೀರಿ ತೋರಿಸಿದ. ಆವತ್ತು ಇಬ್ಬರೂ ಮನಸಾರೆ ಅತ್ತರು.

ಅವರಿಗೆ ಮತ್ತೆ ಮಕ್ಕಳಾಗಲಿಲ್ಲ. ಅನುಮಾನವೂ ಬೇರುಸಹಿತ ಹೋಗಲಿಲ್ಲ. ಯಾರಾದರೂ ದೇವರ ಲೆಕ್ಕ ಬಿಡಿಸಿ ಹೇಳಲು ಬಂದರೆ, ಈಗ ಅವರನ್ನೇ ಓರೆಗಣ್ಣಿಂದ ನೋಡುತ್ತಿದ್ದಳು. ಕೆಲವು ವರ್ಷಗಳ ಮೇಲೆ ಮೂಲೆಮನೆಯ ಸೊಸೆಯ ಕೂಸು ತೀರಿಕೊಂಡಿತು. ಬೀದಿ ಮತ್ತೆ ಪಿಸುಗುಟ್ಟತೊಡಗಿತು. ಕಾಜಾದಕ್ಕ ಕೈಯಲ್ಲಿದ್ದ ಅಂಗಿ ಬದಿಗಿಟ್ಟು ಎದ್ದಳು, ಹೋಗಿ ಆ ಹುಡುಗಿಯ ಪಕ್ಕ ಗೋಡೆಗೆ ಒರಗಿ ಕೂತಳು. ಯಾಕಾಯಿತೆಂದು ಒಂದು ಮಾತೂ ಕೇಳಲಿಲ್ಲ.