ರೂಮ್ ನಂಬರ್ ಹೇಳದ ಮ್ಯಾನೇಜರು

ಹೋದ ತಿಂಗಳು ಅನಂತಪುರದ ಒಂದು ಹೋಟೆಲಿನಲ್ಲಿ ದಿಂಬಿಗೆ ತಲೆ ಇಟ್ಟ ಕೂಡಲೇ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಎದ್ದು ಕೂತೆ. ಇಂಥದೇ ದಿಂಬನ್ನು ಎದೆಗೆ ಅವುಚಿಕೊಂಡು ಹಿಂದೊಮ್ಮೆ ರಾಯದುರ್ಗದ ಲಾಡ್ಜೊಂದರ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ತಿರುಗಾಡಿದ್ದೆ... ಆದರೆ ಕಣ್ಣ ಮುಂದೆ ಬಂದದ್ದು ಆ ಕೋಣೆಯಲ್ಲ, ಕೆಳಗೆ ಕೌಂಟರಿನಲ್ಲಿ ಕೂರುತ್ತಿದ್ದ ಮ್ಯಾನೇಜರು.

ಆಗ ಮಡಕಶಿರಾ ಕಡೆಯ ಗಂಡನ ಮನೆ ಬಿಟ್ಟು ಬಂದಿದ್ದೆ. ಇನ್ನು ಹೊಡೆತ ತಿನ್ನಲಾರೆ ಅನ್ನಿಸಿದ ದಿನ ಬಸ್ಸು ಹತ್ತಿದ್ದೆ, ಅಷ್ಟೇ. ರಾಯದುರ್ಗದಲ್ಲಿ ಇಳಿದ ದಿನವೇ ಜೀನ್ಸ್ ಹೊಲಿಯುವ ಕೆಲಸ ಸಿಕ್ಕಿತ್ತು, ಎರಡು ದಿನ ಬಿಟ್ಟು ಬಾ ಎಂದಿದ್ದರು. ಬಾಡಿಗೆ ಮನೆ ಸಿಗುವವರೆಗೆ ಇರಲು ಜಾಗ ಬೇಕಿತ್ತು. ಬಸ್ ಸ್ಟ್ಯಾಂಡಿನ ಸುತ್ತಲಿನ ಲಾಡ್ಜುಗಳಲ್ಲಿ ಒಂಟಿ ಹೆಂಗಸಿಗೆ ರೂಮಿಲ್ಲ ಎಂದರು. ಈ ಮ್ಯಾನೇಜರೂ ಮೊದಲು ಹಾಗೇ ಅಂದರು. ಆಮೇಲೆ ಬೀದಿಯ ಕಡೆ ನೋಡಿದರು, ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು.

"ಕೊಡಬ್ಯಾಡ ಅಂತ ನಮ್ಮ ಓನರು ಹೇಳ್ಯಾರ್ರಿ. ಕಾನೂನಿನ್ಯಾಗ ಹಂಗೇನಿಲ್ಲ. ಆಧಾರ್ ಕೊಡ್ರಿ."

ಜೆರಾಕ್ಸ್ ಮಾಡಿಕೊಂಡು, ಎಲ್ಲಿಂದ ಬಂದದ್ದು, ಯಾವ ಕೆಲಸಕ್ಕೆ ಎಂದು ರಿಜಿಸ್ಟರಿನಲ್ಲಿ ಬರೆಸಿ, ಸಹಿ ಹಾಕಿಸಿ ಕೀಲಿ ಕೊಟ್ಟರು. ಮುಖದಲ್ಲಿ ನಗು ಇರಲಿಲ್ಲ. ಕೊಟ್ಟು ತಪ್ಪು ಮಾಡಿದೆನೇನೋ ಎಂಬ ಕಸಿವಿಸಿ ಎದ್ದು ಕಾಣುತ್ತಿತ್ತು.

ಬಸ್ ಸ್ಟ್ಯಾಂಡಿನ ಬಳಿ ಲಾಡ್ಜು ಹುಡುಕುತ್ತಿದ್ದ ನನ್ನನ್ನು ಕಂಡ ಯಾರೋ ಊರಿಗೆ ಸುದ್ದಿ ಮುಟ್ಟಿಸಿದ್ದರು. ಮರುದಿನ ಮಧ್ಯಾಹ್ನ ಗಂಡ ತನ್ನ ದೊಡ್ಡಪ್ಪನನ್ನು ಕರೆದುಕೊಂಡು ಲಾಡ್ಜಿಗೇ ಬಂದ. ದನಿ ಗುರುತು ಸಿಕ್ಕಿ, ಊಟಕ್ಕೆಂದು ಇಳಿಯುತ್ತಿದ್ದ ನಾನು ಮೆಟ್ಟಿಲ ತಿರುವಿನಲ್ಲೇ ನಿಂತುಬಿಟ್ಟೆ.

"ನನ್ ಹೆಂಡ್ತಿ ಇಲ್ಲೇ ಅವ್ಳೆ ಕಣ್ರೀ. ರೂಮ್ ಯಾವ್ದು ಹೇಳಿ."

"ಯಾರು ಅದಾರ, ಯಾರಿಲ್ಲ ಅಂತ ಹೇಳಂಗಿಲ್ರಿ," ಎಂದರು ಮ್ಯಾನೇಜರು. "ಹೆಸರು ಬರದು ಕೊಡ್ರಿ. ಇದ್ರ ಮುಟ್ಟಸ್ತೀನಿ."

"ನಾನು ಅವಳ ಗಂಡ! ಪೊಲೀಸ್‌ನೋರನ್ನ ಕರೀಲಾ?"

"ಕರೀರಿ. ಅವ್ರು ಕೇಳಿದ್ರ ರಿಜಿಸ್ಟರ್ ತೋರಸ್ಬೇಕು, ತೋರಸ್ತೀನಿ. ನಿಮಗಲ್ಲ."

ಸದ್ದಾಗದಂತೆ ಮೇಲೆ ಹೋಗಿ ಚಿಲಕ ಹಾಕಿಕೊಂಡೆ. ಹೊತ್ತು ಹೋಗಲೊಲ್ಲದು. ಕೂರುತ್ತಿದ್ದೆ, ಏಳುತ್ತಿದ್ದೆ, ಕಿಟಕಿಯಿಂದ ಇಣುಕುತ್ತಿದ್ದೆ. ಅವರಿಬ್ಬರೂ ಹೊರಗೆ ಬರಲೇ ಇಲ್ಲ...

ಕೊನೆಗೆ ಬಾಗಿಲು ತಟ್ಟಿದವರು ಮ್ಯಾನೇಜರು. ಅಂಗಿ ಬೆವರಿಗೆ ಒದ್ದೆಯಾಗಿತ್ತು. ದೊಡ್ಡಪ್ಪನಿಗೆ ಓನರ ಪರಿಚಯವಿತ್ತಂತೆ. ಓನರು ಫೋನಿನಲ್ಲಿ ರೂಮು ತೋರಿಸು ಎಂದು ಬೈದಿದ್ದರಂತೆ.

"ನೋಡ್ರಿ ಅಮ್ಮಾ, ರೂಮು ನಿಮ್ಮ ಹೆಸರಿನ್ಯಾಗ ಐತಿ. ನೀವು ಭೇಟಿ ಆಗ್ತೀನಂದ್ರ ಕೆಳಗ, ನನ್ನ ಮುಂದ. ಒಲ್ಲೆ ಅಂದ್ರ ಮ್ಯಾಲೆ ಯಾರನ್ನೂ ಬಿಡಂಗಿಲ್ಲ. ಏನಂತೀರಿ?"

ಮದುವೆಗೆ ಮೊದಲಾಗಲಿ ಆಮೇಲಾಗಲಿ, ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಎದೆಗೆ ಅವುಚಿಕೊಂಡಿದ್ದ ದಿಂಬನ್ನು ಮಂಚದ ಮೇಲೆ ಇಟ್ಟೆ. ಆಮೇಲೆ, ಬರುತ್ತೇನೆ, ನಾನೇ ಹೇಳುತ್ತೇನೆ ಎಂದೆ.

ಕೌಂಟರಿನ ಪಕ್ಕ ನಿಂತು "ನಾನು ಬರಲ್ಲ" ಎಂದೆ. ದೊಡ್ಡಪ್ಪ ಮರ್ಯಾದೆಯ ಮಾತು ತೆಗೆದ. ಇನ್ನೊಮ್ಮೆ ಅಂದೆ. ಗಂಡ ನನ್ನ ತೋಳು ಹಿಡಿದು ಎಳೆದ. ಆಗ ಮ್ಯಾನೇಜರು ಕೌಂಟರು ಬಿಟ್ಟು ಬಂದು ನಮ್ಮಿಬ್ಬರ ನಡುವೆ ನಿಂತರು. "ಕೈ ಬಿಡ್ರಿ. ಇವ್ರು ನಮ್ಮ ಗೆಸ್ಟು." ಗಂಡ ತಳ್ಳಿದ ರಭಸಕ್ಕೆ ಅವರ ಕನ್ನಡಕ ಬಿದ್ದು ಒಡೆಯಿತು. ಅವರು ಮಾತ್ರ ಪಕ್ಕಕ್ಕೆ ಸರಿಯಲಿಲ್ಲ.

ನನ್ನನ್ನು ಕೇಳಲು ಮೇಲೆ ಬರುವ ಮೊದಲೇ ಅವರು ಸ್ಟೇಷನ್ನಿಗೆ ಫೋನ್ ಮಾಡಿದ್ದರು. ಪೊಲೀಸರು ಬಂದು ರಿಜಿಸ್ಟರು ನೋಡಿದರು, ನನ್ನ ಇಷ್ಟವೇನೆಂದು ಕೇಳಿದರು, ಗಂಡಸರಿಬ್ಬರನ್ನೂ ಬಸ್ಸು ಹತ್ತಿಸಿದರು.

ನಾನು ರಾಯದುರ್ಗದಲ್ಲೇ ಮನೆ ಹಿಡಿದೆ. ಕೆಲಸ ಕಾಯಂ ಆಯಿತು, ಕೋರ್ಟಿನಲ್ಲಿ ಮದುವೆಯಿಂದ ಬಿಡುಗಡೆಯೂ ಆಯಿತು. ಆದರೆ ಮೊದಲ ಸಂಬಳ ಬಂದಾಗ ಸ್ವೀಟು ಕಟ್ಟಿಸಿಕೊಂಡು ಲಾಡ್ಜಿಗೆ ಹೋದರೆ ಕೌಂಟರಿನಲ್ಲಿ ಬೇರೆ ಯಾರೋ ಇದ್ದರು. "ಅವ್ರನ್ನ ಓನರು ಬಿಡಿಸ್ಯಾರ್ರಿ." ಎಲ್ಲಿಗೆ ಹೋದರೆಂದು ಆ ಹೊಸಬರಿಗೂ ಗೊತ್ತಿರಲಿಲ್ಲ.

ಹೋದ ತಿಂಗಳು ಅನಂತಪುರದಿಂದ ಬಂದ ಮೇಲೆ ಮನಸ್ಸು ನಿಲ್ಲಲಿಲ್ಲ. ಲಾಡ್ಜಿನ ಎದುರಿನ ಚಹಾದ ಅಂಗಡಿಯಲ್ಲಿ ಆ ಹಳೆಯ ಮ್ಯಾನೇಜರ ಬಗ್ಗೆ ವಿಚಾರಿಸಿದೆ.

"ಬೆಳುಗುಪ್ಪದಾಗ ಮಗಳ ಮನ್ಯಾಗ ಇದ್ರು. ತೀರಿಕೊಂಡು ವರ್ಷಾತಲ್ರಿ," ಎಂದರು ಅಂಗಡಿಯವರು.

ಚಹಾ ಕುಡಿಯಲಾಗಲಿಲ್ಲ. ಅಷ್ಟು ಹತ್ತಿರದ ಊರಿನಲ್ಲಿ ಇಷ್ಟು ವರ್ಷ ಇದ್ದರು...

ಈಗ ನನ್ನದೇ ಸಣ್ಣ ಹೊಲಿಗೆ ಯೂನಿಟ್ಟಿದೆ. ಆರ್ಡರಿಗೆಂದು ಊರೂರು ತಿರುಗುತ್ತೇನೆ. ಯಾವ ಲಾಡ್ಜಿಗೆ ಹೋದರೂ ಮೊದಲು ನೋಡುವುದು ಕೌಂಟರಿನಲ್ಲಿ ಕೂತವರ ಮುಖ. ನನ್ನನ್ನು ಕೇಳಿಕೊಂಡು ಯಾರಾದರೂ ಬಂದರೆ ಇವರು ಏನು ಮಾಡಿಯಾರು ಎಂದು ಅಳೆಯುತ್ತೇನೆ. ಮುಖ ನೋಡಿದರೆ ಏನೂ ತಿಳಿಯುವುದಿಲ್ಲ. ಆವತ್ತು ಆ ಮ್ಯಾನೇಜರ ಮುಖದಲ್ಲೂ ಕಸಿವಿಸಿಯ ಹೊರತು ಏನೂ ಕಂಡಿರಲಿಲ್ಲ.