ಗುಬ್ಬಿಯ ಚಿನ್ನದ ವಿಮಾನ

ಗುಬ್ಬಿ ಸಂತೆಯಲ್ಲಿ ವೀಳ್ಯದೆಲೆ ಮಾರುವ ದೊಡ್ಡಗಂಗಮ್ಮನ ಬಾಯಿ ಅಂದರೆ ಬಾಯಿ! "ಎಲೆ ಬಾಡೋಗೈತೆ ಕಣವ್ವಾ, ಸುಮ್ನೆ ದುಡ್ಡು ದಂಡ, ಆ ಕಡೆ ಅಂಗ್ಡೀಲಿ ತಗೋ" ಎಂದು ಬಂದ ಗಿರಾಕಿಯನ್ನೇ ಸಾಗಹಾಕುವವಳು. ಗಂಡ ತೀರಿಕೊಂಡ ಮೇಲೆ ಕುಣಿಗಲ್ಲಿನ ತವರಿಗೆ ಹೋಗದೆ, ಎಲೆ ಬುಟ್ಟಿ ಹೊತ್ತೇ ಮಗ ಲಕ್ಷ್ಮೀಕಾಂತನನ್ನು ಓದಿಸಿ ವಾಯುಸೇನೆಗೆ ಸೇರಿಸಿದವಳು. ಅವನಿಗೆ ಸರಕು ಸಾಗಿಸುವ ದೊಡ್ಡ ವಿಮಾನಗಳಲ್ಲಿ ಲೋಡ್ ಹಾಕಿಸಿ ಇಳಿಸುವ ಕೆಲಸ. ಸುಳ್ಳು ಆಡುವುದಕ್ಕಿಂತ ಜಗಳ ಆಡುವುದೇ ವಾಸಿ ಅನ್ನುವ ಈ ಅತ್ತೆಯ ಜೊತೆ ಬಾಳುವುದು ಸೊಸೆ ಶಾಂತಲಾಗೆ ಮೊದಮೊದಲು ಕಷ್ಟವೇ ಆಗಿತ್ತು.

ಆ ಬೇಸಿಗೆಯಲ್ಲಿ ಗಡಿಯಲ್ಲಿ ಗಲಾಟೆ ಶುರುವಾಯಿತು. ಟೀವಿಯವರ ಕಿರುಚಾಟ ಕೇಳಬೇಕೇ! ಶಾಂತಲಾ ಏಳು ತಿಂಗಳ ಬಸುರಿ. ಲಕ್ಷ್ಮೀಕಾಂತನ ಫೋನು ಸ್ವಿಚ್ ಆಫ್. ಅವಳು ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದಳಲ್ಲ, ಬಂದವರೆಲ್ಲ "ಅಯ್ಯೋ, ನಿಮ್ಮನೆಯವ್ರು ಅಲ್ಲೇ ಇದಾರಾ?" ಎಂದು ಲೊಚಗುಟ್ಟಿ ಹೋಗುವವರೇ. ತಟ್ಟೆಗೆ ಹಾಕಿಕೊಂಡ ಅನ್ನ ಹಾಗೇ ಉಳಿಯತೊಡಗಿತು. ಬಿಪಿ ಹೀಗೇ ಏರಿದರೆ ಮಗು ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿಬಿಟ್ಟರು.

ಅಷ್ಟರಲ್ಲಿ ಎದುರುಮನೆ ಸಿದ್ದಲಕ್ಷ್ಮಮ್ಮ ಪಿಸುಗುಟ್ಟುತ್ತ ಬಂದಳು. "ಯಾರ್ಗೂ ಹೇಳ್ಬ್ಯಾಡ ಕಣೇ. ದೇಶದ ಚಿನ್ನಾನೆಲ್ಲ ಸೇನೆ ವಿಮಾನ್ದಾಗೆ ಗುಟ್ಟಾಗಿ ಸಾಗಿಸ್ತಾವ್ರಂತೆ. ಗಡಿಯಿಂದ ದೂರ, ಎಲ್ಲೋ ಒಳಗಡೀಕೆ. ನಿನ್ ಗಂಡ ಆ ಕೆಲ್ಸದಾಗೇ ಅವ್ನಂತೆ. ಅದ್ಕೇ ಫೋನ್ ಇಲ್ಲ!"

ಶಾಂತಲಾಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಗುಂಡಿಲ್ಲ, ಬಾಂಬಿಲ್ಲ, ಬರೀ ಚಿನ್ನ! ಮರುದಿನದಿಂದ ಊರಿನ ಮಾತೇ ಬೇರೆ. ಎಷ್ಟು ಟನ್ ಇರಬಹುದು, ರೇಟು ಇಳಿಯುತ್ತದೋ ಏರುತ್ತದೋ, ಓಲೆ ಈಗಲೇ ಮಾಡಿಸುವುದೋ ಕಾಯುವುದೋ. ಶಾಂತಲಾ ನಕ್ಕಳು, ಉಂಡಳು, ನಿದ್ದೆ ಮಾಡಿದಳು. ದೊಡ್ಡಗಂಗಮ್ಮ ಮಾತ್ರ ಈ ವಿಷಯಕ್ಕೆ ಬಾಯೇ ಬಿಡಲಿಲ್ಲ. ಅತ್ತೆಗೆ ಮಗನ ಯೋಚನೆಯೇ ಇಲ್ಲವಲ್ಲ ಎಂದು ಸೊಸೆಗೆ ಒಳಗೊಳಗೇ ಸಿಟ್ಟೂ ಬಂತು.

ಗಲಾಟೆ ತಣ್ಣಗಾದ ಮೇಲೆ ಒಂದು ಬೆಳಿಗ್ಗೆ ಲಕ್ಷ್ಮೀಕಾಂತನ ಫೋನ್ ಬಂತು. ಶಾಂತಲಾ ಅತ್ತು, ನಕ್ಕು, "ಚಿನ್ನ ಎಲ್ಲ ಸಾಗಿಸಿದ್ರಾ?" ಎಂದಳು.

"ಯಾವ ಚಿನ್ನ? ಗಡಿಗೆ ಮದ್ದುಗುಂಡು ಸಾಗಿಸ್ತಿದ್ವಿ ಕಣೇ. ಒಂದ್ಸಲ ನಾವು ಇಳಿದ ಕಡೇನೇ ಬಾಂಬ್ ಬಿತ್ತು. ಗಡಿಗೆ ಹೋಗ್ತಿದೀನಿ ಅಂತ ಅಮ್ಮಂಗೆ ಮೊದ್ಲೇ ಹೇಳಿದ್ನಲ್ಲ, ನಿಂಗೆ ಹೇಳ್ಲಿಲ್ವಾ?"

ಶಾಂತಲಾ ನೇರವಾಗಿ ಸಿದ್ದಲಕ್ಷ್ಮಮ್ಮನ ಬಾಗಿಲಿಗೆ ಹೋದಳು. "ಆ ಚಿನ್ನದ ಕತೆ ಕಟ್ಟಿದ್ದು ಯಾರು?"

"ನಿಮ್ಮತ್ತೇನೇ ಹೇಳಿದ್ದು ಕಣವ್ವ! ಯಾರ್ಗೂ ಹೇಳ್ಬ್ಯಾಡ ಅಂತ ಆಣೆ ಬೇರೆ ಮಾಡಿಸ್ಕೊಂಡ್ರು. ಅವ್ರು ಸುಳ್ಳು ಹೇಳ್ತಾರಾ?"

ಸಿದ್ದಲಕ್ಷ್ಮಮ್ಮನ ಕಿವಿಗೆ ಗುಟ್ಟು ಹಾಕಿದರೆ ಸಂಜೆಯೊಳಗೆ ಗುಬ್ಬಿಗೆಲ್ಲ ಟಾಂ ಟಾಂ ಎನ್ನುವುದು ದೊಡ್ಡಗಂಗಮ್ಮನಿಗೆ ಗೊತ್ತಿಲ್ಲದ್ದೇ? ಎಂಥ ಗಟ್ಟಿಗಿತ್ತಿ!

ಸಂತೆಯಲ್ಲಿ ಅತ್ತೆ ಎಲೆಗೆ ನೀರು ಚಿಮುಕಿಸುತ್ತ ಕೂತಿದ್ದಳು. ಮಗ ಫೋನ್ ಮಾಡಿದ, ಚೆನ್ನಾಗಿದ್ದಾನೆ ಎಂದು ಸೊಸೆ ಬಂದು ಹೇಳಿದ್ದೇ ತಡ, ದೊಡ್ಡಗಂಗಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹೋ ಎಂದು ಅತ್ತಳು. ಅವಳು ಅಳುವುದನ್ನು ಶಾಂತಲಾ ಅದುವರೆಗೆ ಕಂಡಿರಲಿಲ್ಲ. ಪಕ್ಕದಲ್ಲೇ ಗೋಣಿಚೀಲದ ಮೇಲೆ ಕೂತು ಅತ್ತೆಯ ಕೈ ಹಿಡಿದುಕೊಂಡಳು.

"ಅಷ್ಟು ದಿನ ಒಬ್ರೇ ನುಂಗ್ಕೊಂಡಿದ್ರಲ್ಲ ಅತ್ತೆ. ನಂಗೂ ಒಂದ್ ಮಾತು ಹೇಳ್ಬಾರ್ದಿತ್ತಾ?"

"ಅವನ್ಗೇನಾರ ಆಗಿದ್ರೆ ಅಳಾಕೆ ನಿಂಗೆ ಜೀವಮಾನ ಪೂರ್ತಿ ಇತ್ತು ಮಗಾ. ಅಲ್ಲೀಗಂಟಾದ್ರೂ ಎರಡು ತುತ್ತು ಉಣ್ಲಿ ಅಂತ."