ಗಾಡಿ ಕೆಟ್ಟಿದೆ ಎಂದು ಹೇಳಿದ ಮಧ್ಯಾಹ್ನ

ಗಾಡಿಗೂ ಜೀವ ಇರುತ್ತದೆ, ಅದಕ್ಕೂ ಮನಸ್ಸು ಇರುತ್ತದೆ ಎಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ನಗುವುದಕ್ಕೆ ನನಗೆ ಕಾರಣವೂ ಇತ್ತು. ಸಿಂಧನೂರಿನಲ್ಲಿ ಉಸ್ತಾದರ ಕೈಕೆಳಗೆ ಎಂಟು ವರ್ಷ ಕೆಲಸ ಕಲಿತವನು ನಾನು. ಅವರು ಮೊದಲ ದಿನವೇ ಹೇಳಿಕೊಟ್ಟದ್ದು ಇಷ್ಟೆ: ಗಾಡಿ ಚಾಲೂ ಆಗದಿದ್ದರೆ ಪೆಟ್ರೋಲ್ ಬರುತ್ತಿಲ್ಲ, ಇಲ್ಲವೇ ಕರೆಂಟ್ ಬರುತ್ತಿಲ್ಲ, ಇಲ್ಲವೇ ಗಾಳಿ ಸರಿಯಾಗಿ ಹೋಗುತ್ತಿಲ್ಲ. ನಾಲ್ಕನೆಯ ಕಾರಣ ಹೇಳುವವನು ಮೆಕ್ಯಾನಿಕ್ ಅಲ್ಲ, ಮಂತ್ರವಾದಿ.

ಅವರ ಮಾತು ಒಮ್ಮೆಯೂ ಸುಳ್ಳಾಗಿರಲಿಲ್ಲ. ಲಿಂಗಸುಗೂರಿನ ವ್ಯಾಪಾರಿಯೊಬ್ಬರ ಜೀಪು ಪ್ರತಿಸಲ ಒಂದೇ ಹುಣಸೆ ಮರದ ಹತ್ತಿರ ನಿಂತುಬಿಡುತ್ತಿತ್ತು. ಅವರು ಆ ಮರಕ್ಕೆ ಕಾಯಿ ಒಡೆದರು, ಬಂಪರಿಗೆ ನಿಂಬೆಹಣ್ಣು ಕಟ್ಟಿದರು, ಕೊನೆಗೆ ನನ್ನ ಬಳಿ ಬಂದರು. ನೋಡಿದರೆ ಪೆಟ್ರೋಲಿನ ಪೈಪು ಸೈಲೆನ್ಸರಿಗೆ ತಾಗಿಕೊಂಡಿತ್ತು. ಏರು ಹತ್ತಿ ಬರುವಷ್ಟರಲ್ಲಿ ಪೈಪು ಕಾದು, ಒಳಗಿನ ಪೆಟ್ರೋಲ್ ಆವಿಯಾಗಿ, ಇಂಜಿನ್ನಿಗೆ ತಲುಪುತ್ತಲೇ ಇರಲಿಲ್ಲ. ಏರು ಮುಗಿಯುವ ಜಾಗದಲ್ಲಿ ಹುಣಸೆ ಮರ ಇತ್ತು, ಅಷ್ಟೆ. ಪೈಪನ್ನು ನಾಲ್ಕು ಬೆರಳು ಆಚೆ ಸರಿಸಿ ಕಟ್ಟಿದೆ. ದೆವ್ವ ಬಿಟ್ಟುಹೋಯಿತು.

ಇಂಥ ಕತೆಗಳನ್ನು ಹತ್ತು ಹೇಳಬಲ್ಲೆ. ಆದರೆ ಮಸ್ಕಿಯಲ್ಲಿ ನಡೆದ ಒಂದು ಸಂಗತಿಯನ್ನು ಮಾತ್ರ ಇದುವರೆಗೆ ಯಾರಿಗೂ ಹೇಳಿಲ್ಲ. ಅದರಲ್ಲಿ ನನ್ನದೊಂದು ತಪ್ಪಿದೆ. ಅದನ್ನು ಬಿಟ್ಟು ಉಳಿದದ್ದನ್ನು ಹೇಳಲು ಬರುವುದಿಲ್ಲ.

ಅದು ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು. ಮಸ್ಕಿಯಿಂದ ಲಿಂಗಸುಗೂರಿಗೆ ಹೋಗುವ ರಸ್ತೆಯ ಪಕ್ಕ ತಗಡಿನ ಸೂರಿನ ನನ್ನ ಗ್ಯಾರೇಜು ಇತ್ತು. ಜಾಗ ಹತ್ತಿರದ ಹಳ್ಳಿಯ ಮಲ್ಲನಗೌಡರದು. ಊರಿಗೆ ಹೊಸಬನಾದ ನನ್ನನ್ನು ಕರೆದು, 'ಇಲ್ಲೇ ಕೂಡು, ನಾ ಅದೀನಿ' ಎಂದವರು ಅವರು. ಆ ಋಣ ನನ್ನ ಮೇಲಿತ್ತು. ಕೆಟ್ಟ ಮನುಷ್ಯರಲ್ಲ. ಆಳುಗಳ ಮನೆಯ ಮದುವೆ, ಮುಂಜಿಗೆ ತಾವೇ ನಿಂತು ಜೋಳ ಅಳೆಸಿ ಕೊಡುತ್ತಿದ್ದರು. ಆ ವರ್ಷ ಮಗಳನ್ನು ಗುರುಗುಂಟಾದ ಮನೆತನಕ್ಕೆ ಕೊಡುವುದು ನಿಶ್ಚಯವಾಗಿತ್ತು. ಹುಡುಗಿ ಸ್ವಂತ ಗಾಡಿಯಲ್ಲೇ ಗಂಡನ ಮನೆಗೆ ಹೋಗಬೇಕೆಂದು ಹೊಸ ಬಿಳಿ ಕಾರು ತಂದಿದ್ದರು. ಆಗಷ್ಟೇ ನಮ್ಮ ಕಡೆ ಕಾಣಿಸಿಕೊಳ್ಳುತ್ತಿದ್ದ ಸಣ್ಣ ಪೆಟ್ರೋಲ್ ಕಾರು. ಸೀಟಿನ ಪ್ಲಾಸ್ಟಿಕ್ ಹಾಳೆಯನ್ನು ಇನ್ನೂ ತೆಗೆದಿರಲಿಲ್ಲ.

ಮದುವೆಗೆ ಹತ್ತು ದಿನ ಇರುವಾಗ ಗೌಡರು ಸಾಲಗುಂದದ ನೆಂಟರಿಗೆ ಲಗ್ನಪತ್ರಿಕೆ ಕೊಟ್ಟು ವಾಪಸು ಬರುತ್ತ ನನ್ನ ಗ್ಯಾರೇಜಿಗೆ ಬಂದರು. ಇಂಜಿನ್ ನಡುನಡುವೆ ಮುಗ್ಗರಿಸುತ್ತಿದೆ ಎಂದರು. ಮಧ್ಯಾಹ್ನದ ಬಿಸಿಲು ಸುಡುತ್ತಿತ್ತು. ನಾನು ಬಾನೆಟ್ ಎತ್ತಿ, ಪ್ಲಗ್ ಬಿಚ್ಚಿ ಒರೆಸಿ ಹಾಕಿ, ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದಿದ್ದೆ. ಅದರೊಳಗೆ ರೋಟರ್ ಎಂದು ಹೆಬ್ಬೆರಳಿನಷ್ಟು ಸಾಮಾನೊಂದು ಇರುತ್ತದೆ. ಅದು ತಿರುಗುತ್ತ ಒಂದೊಂದು ಪ್ಲಗ್ಗಿಗೂ ಸರದಿಯಂತೆ ಕರೆಂಟ್ ಹಂಚುತ್ತದೆ. ಅದಿಲ್ಲದೆ ಒಂದು ಪ್ಲಗ್ಗಿಗೂ ಕಿಡಿ ಇಲ್ಲ. ಇಂಜಿನ್ ಚಾಲೂ ಆಗುವ ಮಾತೇ ಇಲ್ಲ.

ಆಗ ಮಸ್ಕಿಯ ಕಡೆಯಿಂದ ಟ್ರ್ಯಾಕ್ಟರೊಂದು ಬಂದು ಎದುರಿನ ಬೇವಿನ ಮರದ ಕೆಳಗೆ ನಿಂತಿತು. ಟ್ರಾಲಿಯಲ್ಲಿ ಹುಲ್ಲಿನ ಮೇಲೆ ಒಬ್ಬ ಹೆಂಗಸು ಮಲಗಿದ್ದಳು. ಪಕ್ಕದಲ್ಲಿ ಅವಳ ಗಂಡ ದುರುಗಪ್ಪ. ಗಂಡ ಹೆಂಡತಿ ಇಬ್ಬರೂ ಗೌಡರ ಹೊಲದಲ್ಲಿ ಎಷ್ಟೋ ವರ್ಷದಿಂದ ದುಡಿಯುವವರು. ಕಾಲುವೆಯ ದಂಡೆಯಲ್ಲಿ ಹುಲ್ಲು ಕೊಯ್ಯುವಾಗ ಅವಳ ಕಾಲಿಗೆ ಹಾವು ಕಡಿದಿತ್ತು. ಮಸ್ಕಿಯ ಡಾಕ್ಟರೊಬ್ಬರಿಗೆ ತೋರಿಸಿದರೆ, ತಮ್ಮ ಬಳಿ ಇದಕ್ಕೆ ಔಷಧಿ ಇಲ್ಲ, ತಡ ಮಾಡದೆ ಲಿಂಗಸುಗೂರಿಗೆ ಒಯ್ಯಿರಿ ಎಂದಿದ್ದರು. ಟ್ರ್ಯಾಕ್ಟರಿನಲ್ಲಿ ಹೋದರೆ ಎರಡು ತಾಸು. ಅಷ್ಟರಲ್ಲಿ ದುರುಗಪ್ಪನಿಗೆ ಗೌಡರ ಕಾರು ಕಂಡಿತ್ತು.

ಗೌಡರು ಎದ್ದು ಹೋಗಿ ಟ್ರಾಲಿಯೊಳಗೆ ಇಣುಕಿ ನೋಡಿದರು. ದುರುಗಪ್ಪ ಹೆಂಡತಿ ಹನುಮವ್ವನಿಗೆ ನೀರು ಕುಡಿಸಲು ನೋಡುತ್ತಿದ್ದ, ನೀರು ಕಟಬಾಯಿಯಿಂದ ಹೊರಗೆ ಹರಿಯುತ್ತಿತ್ತು. ಗೌಡರು ಸರಸರನೆ ನನ್ನ ಹತ್ತಿರ ಬಂದು, ಬಾನೆಟ್ಟಿನ ಮರೆಗೆ ಬಗ್ಗಿ ಪಿಸುಗುಟ್ಟಿದರು.

"ತಮ್ಮಾ, ಗಾಡಿ ಕೆಟ್ಟೈತಿ ಅಂತ ಹೇಳಿಬಿಡು. ಹನುಮವ್ವನ ಮಾರಿ ನೋಡಿದೇನು? ದಾರ್ಯಾಗ ಹೋಗಿಬಿಡ್ತಾಳ. ನಮ್ಮ ಹುಡುಗಿ ಕುಂತು ಹೋಗೋ ಗಾಡಿ ಐತಿ ಇದು. ಇದರಾಗ ಹೆಣ ಇಳಿಬಾರದು."

ನಾನು ಅವರ ಮುಖ ನೋಡಿದೆ. ಅವರ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ಇಲ್ಲ ಅನ್ನಬೇಕಿತ್ತು. ಅನ್ನಲಿಲ್ಲ. ಕೈ ತಾನಾಗಿಯೇ ರೋಟರನ್ನು ಎಳೆದು ಅಂಗಿಯ ಕಿಸೆಗೆ ಹಾಕಿತು, ಮುಚ್ಚಳ ಮುಚ್ಚಿತು.

ದುರುಗಪ್ಪ ಬಂದು ಕೈ ಮುಗಿದ. "ಗೌಡ್ರ, ಇಷ್ಟು ಪುಣ್ಯೇವು ಕಟ್ಟಿಕೊಳ್ರಿ."

"ನಾ ಒಲ್ಲೆ ಅಂತೀನೇನೋ? ಗಾಡಿ ಕೆಟ್ಟು ನಿಂತೈತಿ. ಮೇಸ್ತ್ರಿಗೇ ಕೇಳು," ಎಂದರು ಗೌಡರು.

"ಕರೆಂಟ್ ಬರವಲ್ದು," ಎಂದೆ ನಾನು.

ಟ್ರ್ಯಾಕ್ಟರಿನ ಡ್ರೈವರ್ ಸ್ವಲ್ಪ ತಿಳಿದವನು. "ಒಂದು ಸಲ ಹೊಡದು ನೋಡ್ರಿ," ಎಂದ. ನಾನು ಕೀ ತಿರುಗಿಸಿದೆ. ಸ್ಟಾರ್ಟರ್ ಗರಗರ ಎಂದಿತು, ಇಂಜಿನ್ ಹತ್ತಲಿಲ್ಲ. ಇನ್ನೊಮ್ಮೆ ತಿರುಗಿಸಿದೆ. ಹತ್ತಲಿಲ್ಲ. ಹತ್ತುವುದಿಲ್ಲವೆಂದು ಗೊತ್ತಿದ್ದೂ ಅವರೆದುರು ಮತ್ತೆ ಮತ್ತೆ ತಿರುಗಿಸಿದೆ. ದುರುಗಪ್ಪ ನನ್ನ ಮಾತನ್ನು ಪೂರ್ತಿ ನಂಬಿದ. ಮರುಮಾತಾಡದೆ ಲಾರಿ ನಿಲ್ಲಿಸಲು ರಸ್ತೆಗೆ ಓಡಿದ. ಕೀ ತೆಗೆದು ಗೌಡರ ಕೈಗೆ ಕೊಟ್ಟೆ. ಒಂದು ಲಾರಿ ನಿಲ್ಲದೆ ಹೋಯಿತು.

ಮುಂದಿನದನ್ನು ಕಂಡಂತೆಯೇ ಬರೆಯುತ್ತೇನೆ. ಕಾರಿನೊಳಗೆ ಯಾರೂ ಇರಲಿಲ್ಲ. ಕೀ ಗೌಡರ ಮುಷ್ಟಿಯಲ್ಲಿತ್ತು. ನಾನು ಕಾರಿನಿಂದ ಮೂರು ಹೆಜ್ಜೆ ದೂರದಲ್ಲಿ ಬಕೆಟಿನ ನೀರಿನಲ್ಲಿ ಕೈ ತೊಳೆಯುತ್ತಿದ್ದೆ. ಕಾರು ಒಮ್ಮೆ ನಡುಗಿತು. ಸ್ಟಾರ್ಟರ್ ತಿರುಗಿದ ಸದ್ದು ಬರಲಿಲ್ಲ. ಇಂಜಿನ್ ನೇರವಾಗಿ ಹತ್ತಿಕೊಂಡಿತು. ಮುಗ್ಗರಿಸಲೂ ಇಲ್ಲ, ಒಂದೇ ಸಮನೆ, ಹೊಲಿಗೆ ಯಂತ್ರದ ಹಾಗೆ ನಡೆಯತೊಡಗಿತು.

ಕೀ ತೆಗೆದ ಮೇಲೂ ಬಿಸಿ ಇಂಜಿನ್ ನಾಲ್ಕಾರು ಸಲ ಕೆಮ್ಮಿ ನಿಲ್ಲುವುದುಂಟು. ಒಳಗೆ ಕಟ್ಟಿದ ಮಸಿ ಕೆಂಡವಾಗಿ ಪೆಟ್ರೋಲಿಗೆ ಕಿಡಿ ಕೊಡುತ್ತದೆ. ಆದರೆ ಅದು ಓಡುತ್ತಿರುವ ಇಂಜಿನ್ನಿನ ಮಾತು. ನಿಂತದ್ದು ತಾನಾಗಿ ಹೊರಡುವುದನ್ನು ನಾನು ಕಂಡಿರಲಿಲ್ಲ. ಓಡಿಹೋಗಿ ಬ್ಯಾಟರಿಯ ವೈರು ಕಿತ್ತೆ. ನಿಲ್ಲಲಿಲ್ಲ. ಡಿಸ್ಟ್ರಿಬ್ಯೂಟರಿನ ಕ್ಲಿಪ್ಪು ಬಿಚ್ಚಿ ಮುಚ್ಚಳವನ್ನು ಮೇಲಕ್ಕೆತ್ತಿ ಹಿಡಿದೆ. ಒಳಗೆ ರೋಟರ್ ಇಲ್ಲದ ಬೋಳು ಕಡ್ಡಿ ಗಿರ್ರನೆ ತಿರುಗುತ್ತಿತ್ತು. ಮುಚ್ಚಳ ನನ್ನ ಕೈಯಲ್ಲಿತ್ತು, ರೋಟರ್ ಕಿಸೆಯಲ್ಲಿತ್ತು, ಇಂಜಿನ್ ನಡೆಯುತ್ತಿತ್ತು.

ಹಿಂದಿನಿಂದ ದುರುಗಪ್ಪನ ದನಿ ಕೇಳಿತು. "ಐಬು ಸಿಕ್ತೇನ್ರಿ ಮೇಸ್ತ್ರಿ?"

ನಾನು ಮುಚ್ಚಳ ಹಾಕಿ ಬಾನೆಟ್ ಇಳಿಸಿದೆ. "ಹ್ಞೂಂ, ಸಿಕ್ತು," ಎಂದೆ.

ಅವನು ಹೆಂಡತಿಯನ್ನು ಎತ್ತಿ ತಂದು ಹಿಂದಿನ ಸೀಟಿನಲ್ಲಿ ಮಲಗಿಸಿ, ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಗೌಡರು ಗೋಡೆಗೆ ಒರಗಿ ನಿಂತಿದ್ದರು. "ಆ ಗಾಡ್ಯಾಗ ಕೂಡಬ್ಯಾಡೋ," ಎಂದರು. ಅದನ್ನು ನನಗೆ ಹೇಳಿದರೋ ದುರುಗಪ್ಪನಿಗೆ ಹೇಳಿದರೋ ತಿಳಿಯಲಿಲ್ಲ. ಕೀ ಇಲ್ಲದೆ ಸ್ಟೇರಿಂಗಿನ ಲಾಕ್ ಬಿಡುವುದಿಲ್ಲ. ನಾನು ಕೈ ಚಾಚಿದೆ. ಅವರು ಕೀಯನ್ನು ನನ್ನ ಕೈಗೆ ಕೊಡಲಿಲ್ಲ, ನೆಲಕ್ಕೆ ಬಿಟ್ಟರು. ನಾನು ಬಗ್ಗಿ ತೆಗೆದುಕೊಂಡೆ.

ಲಿಂಗಸುಗೂರಿನ ಆ ದಾರಿಯಲ್ಲಿ ಸಾವಿರ ಸಲ ಓಡಾಡಿದ್ದೇನೆ. ಅವತ್ತಿನಷ್ಟು ಉದ್ದ ಅದು ಎಂದೂ ಆಗಿರಲಿಲ್ಲ. ಗೇರು ಬೀಳುತ್ತಿತ್ತು, ಬ್ರೇಕು ಹಿಡಿಯುತ್ತಿತ್ತು. ಆದರೆ ಆಕ್ಸಿಲರೇಟರಿನಿಂದ ಕಾಲು ತೆಗೆದರೂ ಇಂಜಿನ್ನಿನ ಸದ್ದು ಇಳಿಯುತ್ತಿರಲಿಲ್ಲ. ಮೀಟರಿನ ಮುಳ್ಳುಗಳೆಲ್ಲ ಸತ್ತು ಬಿದ್ದಿದ್ದವು. ಒಂದು ಕಡೆ ಕುರಿ ಹಿಂಡು ಅಡ್ಡ ಬಂತು. ಹಾರನ್ ಇಲ್ಲ. ಕ್ಲಚ್ಚು ಬ್ರೇಕು ಎರಡನ್ನೂ ಒತ್ತಿ ನಿಲ್ಲಿಸಿದೆ. ಆಗ ಇಂಜಿನ್ ತಾನೇ ಸದ್ದು ಏರಿಸುತ್ತ ಹೋಯಿತು. ಕುರಿಗಳು ಬೆದರಿ ಎರಡೂ ಕಡೆ ಚದುರಿದವು, ಕುರುಬ ಕೋಲು ಎತ್ತಿ ನನ್ನನ್ನು ಬೈದ. ನಾನು ಗಾಡಿ ನಡೆಸುತ್ತಿದ್ದೇನೆ ಅನ್ನಿಸಲೇ ಇಲ್ಲ. ಅದು ಹೋಗುತ್ತಿತ್ತು, ನಾನು ರಸ್ತೆ ತೋರಿಸುತ್ತಿದ್ದೆ.

ಹಿಂದೆ ದುರುಗಪ್ಪ ಒಂದೇ ಸಮನೆ ಮಾತಾಡುತ್ತಿದ್ದ. "ಹನುಮೀ, ಕಣ್ಣು ಮುಚ್ಚಬ್ಯಾಡ. ನಿದ್ದಿ ಹೋಗಬ್ಯಾಡ. ಮೇಸ್ತ್ರಿ ಗಾಡಿ ಸುಧಾರಿಸ್ಯಾನ ನೋಡು, ಬಂದೇಬಿಟ್ಟಿವಿ." ನಿಜ ಹೇಳಿಬಿಡಬೇಕೆಂದು ಎರಡು ಸಲ ಬಾಯಿ ತೆರೆದೆ. ಕನ್ನಡಿಯಲ್ಲಿ ಹನುಮವ್ವನ ಮುಖ ಕಾಣಿಸಿತು. ಅವಳ ಕಣ್ಣು ತೆರೆದೇ ಇದ್ದವು. ಅವು ಗಂಡನ ಕಡೆ ಇರಲಿಲ್ಲ. ಮತ್ತೆ ನಾನು ಕನ್ನಡಿ ನೋಡಲಿಲ್ಲ.

ದವಾಖಾನೆಯ ಬಾಗಿಲಲ್ಲಿ ಇಬ್ಬರು ಬಂದು ಅವಳನ್ನು ಎತ್ತಿಕೊಂಡರು. ಅವಳ ಕಾಲು ಸೀಟು ಬಿಟ್ಟು ಆಚೆ ಬಂದ ಕೂಡಲೇ ಇಂಜಿನ್ ನಿಂತಿತು. ನಾನು ಕೀ ಮುಟ್ಟಿರಲಿಲ್ಲ. ಸಂಜೆ ಅವಳಿಗೆ ಪ್ರಜ್ಞೆ ಬಂತು, ಜೀವಕ್ಕೆ ಅಪಾಯವಿಲ್ಲ ಎಂದು ಡಾಕ್ಟರು ಹೇಳಿದರು. ಹೊರಗೆ ಬಂದು ಬ್ಯಾಟರಿಯ ವೈರು ಕೂಡಿಸಿ, ರೋಟರ್ ಹಾಕದೆಯೇ ಕೀ ತಿರುಗಿಸಿ ನೋಡಿದೆ. ಸ್ಟಾರ್ಟರ್ ಗರಗರ ಎಂದಿತು, ಇಂಜಿನ್ ಹತ್ತಲಿಲ್ಲ. ರೋಟರ್ ಹಾಕಿದೆ, ಅರ್ಧ ಸುತ್ತಿಗೇ ಹತ್ತಿತು.

ಗೌಡರು ಮತ್ತೆ ಆ ಕಾರಿನಲ್ಲಿ ಕೂಡಲಿಲ್ಲ. ಮಗಳು ಬೀಗರ ಜೀಪಿನಲ್ಲಿ ಹೋದಳು. ಕಾರನ್ನು ದನದ ಕೊಟ್ಟಿಗೆಯಲ್ಲಿ ನಿಲ್ಲಿಸಿ ಮೇಲೆ ತಾಡಪತ್ರಿ ಹೊದಿಸಿದರು. ಮೂರು ತಿಂಗಳ ಮೇಲೆ ಒಂದು ಮಧ್ಯಾಹ್ನ ಬಂದು, ನನ್ನ ಮುಖ ನೋಡದೆ ಹೇಳಿದರು: "ಒಂದೀಟು ಬಂದು ನೋಡು. ಹೊತ್ತು ನೆತ್ತಿಗೆ ಬಂದ್ರ ಸಪ್ಪಳ ಮಾಡ್ತೈತಿ. ಮನ್ಯಾಗ ಯಾರಿಗೂ ಕೇಳಸವಲ್ದು."

ಹೋದೆ. ತಾಡಪತ್ರಿ ಸರಿಸಿ ಒಳಗೆ ನೋಡಿದೆ. ಬ್ಯಾಟರಿಯನ್ನು ಯಾವಾಗಲೋ ಟ್ರ್ಯಾಕ್ಟರಿಗೆ ಹಾಕಿಕೊಂಡಿದ್ದರು. ಟ್ಯಾಂಕು ಒಣಗಿತ್ತು. ಇಲಿಗಳು ವೈರು ಕಡಿದಿದ್ದವು. ಸಪ್ಪಳವೇನೂ ಇರಲಿಲ್ಲ. ಏನಿಲ್ಲ ಎಂದು ಹೇಳಲು ತಿರುಗುವಾಗ ಬಾನೆಟ್ಟಿನ ಮೇಲೆ ಕೈ ಊರಿದೆ. ತಟ್ಟನೆ ಹಿಂದಕ್ಕೆಳೆದುಕೊಂಡೆ. ಬಹಳ ದೂರ ಓಡಿ ಬಂದು ಆಗಷ್ಟೇ ನಿಂತ ಗಾಡಿಯಂತೆ ಅದು ಸುಡುತ್ತಿತ್ತು. ಕೊಟ್ಟಿಗೆಗೆ ದಪ್ಪ ಮಣ್ಣಿನ ಮಾಳಿಗೆ ಇತ್ತು, ಬಿಸಿಲು ಒಳಗೆ ಬರುವ ದಾರಿಯೇ ಇರಲಿಲ್ಲ.

"ಏನಿಲ್ಲ ಗೌಡ್ರ," ಎಂದೆ.

ಅವರು ತಲೆಯಾಡಿಸಿದರು. ಸ್ವಲ್ಪ ದಿನಕ್ಕೆ ಕಾರನ್ನು ಗುಜರಿಯವರಿಗೆ ಕೊಟ್ಟರೆಂದು ಕೇಳಿದೆ. ನಾವಿಬ್ಬರೂ ಆ ಮಾತನ್ನು ಮತ್ತೆ ಎತ್ತಲಿಲ್ಲ. ಈಗ ಅವರಿಲ್ಲ.

ದುರುಗಪ್ಪ ಮಾತ್ರ ಸಿಕ್ಕಲ್ಲೆಲ್ಲ ನನ್ನನ್ನು ಹೊಗಳಿದ. ಕೆಟ್ಟು ನಿಂತ ಗಾಡಿಯನ್ನು ಐದು ನಿಮಿಷದಲ್ಲಿ ಸುಧಾರಿಸಿ ಹೆಂಡತಿಯ ಜೀವ ಉಳಿಸಿದ ಮೇಸ್ತ್ರಿ ಎಂದು ಜವಳಗೇರಾದ ತನಕ ನನ್ನ ಹೆಸರು ಮುಟ್ಟಿಸಿದ. ಆ ಹೆಸರಿನಿಂದ ಗಿರಾಕಿಗಳೂ ಬಂದರು. ನಾನು ತಿದ್ದಲಿಲ್ಲ. ಒಂದು ವರ್ಷ ಕಳೆದ ಮೇಲೆ ಸಂತೆಯ ದಿನ ಅವನು ಹೆಂಡತಿಯನ್ನು ಕರೆದುಕೊಂಡು ಬಂದ. ಅವನೊಬ್ಬನೇ ಒಳಗೆ ಬಂದು ಒಂದು ಚೀಲ ಹಸಿ ಶೇಂಗಾ ಇಟ್ಟ. ಹನುಮವ್ವ ರಸ್ತೆಯ ಆಚೆ, ಬೇವಿನ ಮರದ ಕೆಳಗೆ ನಿಂತಿದ್ದಳು.

"ಆಕೀನ್ನೂ ಕರೀ, ನೀರು ಕುಡದು ಹೋಗ್ರಿ," ಎಂದೆ.

ದುರುಗಪ್ಪ ಮುಜುಗರದಿಂದ ನಕ್ಕ. "ಒಲ್ಲೆ ಅಂತಾಳ್ರಿ. ಯಾಕಂತ ಕೇಳಿದ್ರ ಹೇಳವಲ್ಲಳು. ನೀವೇನು ತಿಳಕೋಬ್ಯಾಡ್ರಿ."

ನಾನು ಅವಳ ಕಡೆ ನೋಡಿದೆ. ಅವಳೂ ನೋಡಿದಳು. ಕನ್ನಡಿಯಲ್ಲಿ ಕಂಡಿದ್ದ ನೋಟವೇ. ಆಮೇಲೆ ಸೆರಗು ಎಳೆದುಕೊಂಡು ನಡೆದುಹೋದಳು.

ಅವತ್ತು ಟ್ರಾಲಿ ಇದ್ದದ್ದು ಇಪ್ಪತ್ತು ಹೆಜ್ಜೆ ಆಚೆ. ಗೌಡರು ಆಡಿದ್ದು ಪಿಸುಮಾತು. ಅವಳಿಗೆ ಆಗ ಮೈಮೇಲೆ ಎಚ್ಚರವೇ ಇರಲಿಲ್ಲ. ಇಂಜಿನ್ನಿನ ಸಂಗತಿಗೆ ಕಾರಣ ಹುಡುಕಿ ನಾನು ಎಷ್ಟೋ ಗಾಡಿ ಬಿಚ್ಚಿ ನೋಡಿದೆ, ತಿಳಿದವರನ್ನು ಸುತ್ತುಬಳಸಿ ಕೇಳಿದೆ, ಏನೂ ಸಿಗಲಿಲ್ಲ. ಅವಳಿಗೆ ಏನು ಕೇಳಿಸಿತ್ತು, ಅಥವಾ ಏನಾದರೂ ಕೇಳಿಸಿತ್ತೇ ಎಂದು ಅವಳನ್ನೇ ಕೇಳಬಹುದಿತ್ತು. ಅವಳ ಮನೆ ನಾಲ್ಕು ಮೈಲಿ ದೂರ. ಮಸ್ಕಿ ಬಿಡುವ ತನಕ ಆ ಹಳ್ಳಿಯ ದಾರಿಯಲ್ಲಿ ಹೋಗುವ ಕೆಲಸ ಬಂದರೆ ನಾನು ಬೇರೆ ಯಾರನ್ನಾದರೂ ಕಳಿಸುತ್ತಿದ್ದೆ.